ಎಡ ಬಿಟ್ಟು ಬಲಕ್ಕೆ: ಅಮೆರಿಕದ ರಸ್ತೆಯಲ್ಲಿ ಕಾರು ಓಡಿಸಲು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲೋ ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲೋ ವರ್ಷಗಟ್ಟಲೆ ಕಾರು ಓಡಿಸಿ ಪಳಗಿದವರಿಗೆ ಅಮೆರಿಕದ ಅಗಲವಾದ ರಸ್ತೆಗಳು ಸಲೀಸು ಅನಿಸುತ್ತವೆ. ಕಾರನ್ನು ಹಿಡಿತದಲ್ಲಿಡುವ ಮಟ್ಟಿಗೆ ಅದು ನಿಜ. ತೊಂದರೆ ಇರುವುದು ಕೈಕಾಲಿಗೆ ಅಂಟಿಕೊಂಡ ಹಳೆಯ ಅಭ್ಯಾಸದಲ್ಲಿ: ನಮ್ಮಲ್ಲಿ ವಾಹನ ರಸ್ತೆಯ ಎಡಬದಿಯಲ್ಲಿ, ಅಲ್ಲಿ ಬಲಬದಿಯಲ್ಲಿ. ಯೋಚಿಸುತ್ತಾ ಓಡಿಸುವಾಗ ಯಾರೂ ತಪ್ಪು ಬದಿಗೆ ಹೋಗುವುದಿಲ್ಲ. ಯೋಚನೆ ಬೇರೆಡೆ ಹೋದ ಕ್ಷಣದಲ್ಲಿ ಹೋಗುತ್ತಾರೆ, ಅದೂ ಬಹುಪಾಲು ಖಾಲಿ ರಸ್ತೆಯಲ್ಲಿ. ಮುಂದೊಂದು ಕಾರಿದ್ದರೆ ಅದರ ಹಿಂದೆ ಹೋಗುತ್ತೀರಿ. ಬೆಳಗಿನ ಜಾವ ಪೆಟ್ರೋಲ್ ಬಂಕಿನಿಂದ ಹೊರಬಂದಾಗ ರಸ್ತೆಯಲ್ಲಿ ಯಾರೂ ಇಲ್ಲದಿದ್ದರೆ ಕೈ ತನಗೆ ಗೊತ್ತಿರುವ ಕಡೆಗೇ ತಿರುಗಿಸುತ್ತದೆ. ಈ ಬರಹದ ಹೆಚ್ಚಿನ ಭಾಗ ಅಂಥ ಕ್ಷಣಗಳಿಗೆ ತಯಾರಾಗುವುದರ ಬಗ್ಗೆ. ಉದಾಹರಣೆಗಳು ಕ್ಯಾಲಿಫೋರ್ನಿಯಾದವು. ಉಳಿದ ರಾಜ್ಯಗಳಲ್ಲಿ ಮೂಲ ನಿಯಮಗಳು ಹೆಚ್ಚುಕಡಿಮೆ ಇವೇ, ಲೈಸೆನ್ಸ್ ಮತ್ತು ಗಡುವಿನ ವಿವರಗಳು ಮಾತ್ರ ಬೇರೆ.

ಹೊರಡುವ ಮುನ್ನ ಕಾಗದಪತ್ರ

ಊರಲ್ಲಿರುವಾಗಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಮಾಡಿಸಿಕೊಳ್ಳಿ. ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನಿಮ್ಮ ಆರ್‌ಟಿಒದಿಂದ ಪಡೆಯಬಹುದು. ಪಾಸ್‌ಪೋರ್ಟ್, ಚಾಲ್ತಿಯಲ್ಲಿರುವ ಲೈಸೆನ್ಸ್ ಬೇಕು. ಇದರ ಅವಧಿ ಗರಿಷ್ಠ ಒಂದು ವರ್ಷ. ಐಡಿಪಿ ನಿಮ್ಮ ಲೈಸೆನ್ಸಿನ ಅನುವಾದ ಅಷ್ಟೇ, ಒಂಟಿಯಾಗಿ ಅದಕ್ಕೆ ಬೆಲೆ ಇಲ್ಲ. ಮೂಲ ಲೈಸೆನ್ಸ್ ಕಾರ್ಡ್ ಸದಾ ಜೊತೆಗಿರಲಿ.

18 ವರ್ಷ ದಾಟಿದ ಪ್ರವಾಸಿಗರು ಕ್ಯಾಲಿಫೋರ್ನಿಯಾದಲ್ಲಿ ತಮ್ಮ ದೇಶದ ಚಾಲ್ತಿಯ ಲೈಸೆನ್ಸಿನಲ್ಲೇ ಓಡಿಸಬಹುದು. ಕೆಲಸಕ್ಕೋ ಓದಿಗೋ ಬಂದು ಅಲ್ಲಿನ ನಿವಾಸಿಯಾದರೆ 10 ದಿನದೊಳಗೆ ಆ ರಾಜ್ಯದ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಬಾಡಿಗೆ ಕಾರಾದರೆ ಎದುರಿನವರ ಹಾನಿಗೆ ಇರುವ ವಿಮೆ, ನಿಮ್ಮ ಕಾರಿನ ಹಾನಿಗೆ ಇರುವ ವಿಮೆ ಎರಡನ್ನೂ ಕೇಳಿ ಖಚಿತಪಡಿಸಿಕೊಳ್ಳಿ. ಹೊಸಬರಿಗೆ ಎರಡೂ ಬೇಕು.

ಇನ್ನೊಂದು ಮಾತು. ಇಪ್ಪತ್ತು ಗಂಟೆ ವಿಮಾನದಲ್ಲಿ ಕೂತು ಇಳಿದವರು ಅಲ್ಲಿಂದಲೇ ಬಾಡಿಗೆ ಕಾರು ಹಿಡಿದು ಹೊರಡುವುದು ಬೇಡ. ನಿದ್ದೆಗೆಟ್ಟ ತಲೆ ಹಳೆಯ ಅಭ್ಯಾಸಕ್ಕೇ ಜಾರುತ್ತದೆ. ಒಂದು ರಾತ್ರಿ ಮಲಗಿ, ಮರುದಿನ ಹಗಲಲ್ಲಿ ಶುರು ಮಾಡಿ.

ಕಾರಿನೊಳಗೆ ಏನು ಬದಲು, ಏನಿಲ್ಲ

ಪೆಡಲ್‌ಗಳು ಬದಲಾಗುವುದಿಲ್ಲ. ಎಡಗೈ ಚಾಲನೆಯ, ಅಂದರೆ ಸ್ಟೀರಿಂಗ್ ಎಡಕ್ಕಿರುವ, ಕಾರಿನಲ್ಲೂ ಆಕ್ಸಿಲರೇಟರ್ ಬಲಕ್ಕೆ, ಬ್ರೇಕ್ ಅದರ ಎಡಕ್ಕೆ, ಕ್ಲಚ್ ಇದ್ದರೆ ತೀರಾ ಎಡಕ್ಕೆ. ಕಾಲಿನ ಪಾಠ ಹೊಸದಾಗಿ ಕಲಿಯಬೇಕಿಲ್ಲ, ಇದು ದೊಡ್ಡ ಸಮಾಧಾನ.

ಕೈಗಳ ಕೆಲಸ ಅದಲುಬದಲಾಗುತ್ತದೆ. ಗೇರ್ ಬಲಗೈಗೆ ಬರುತ್ತದೆ, ಆದರೆ ಗೇರಿನ ನಕ್ಷೆ ತಿರುವುಮುರುವಾಗುವುದಿಲ್ಲ. ಮೊದಲನೇ ಗೇರ್ ಆಗಲೂ ಎಡ-ಮೇಲೆಯೇ. ನಮ್ಮ ಕಾರಿನಲ್ಲಿ ಅದಕ್ಕೆ ಲಿವರನ್ನು ನಿಮ್ಮಿಂದ ದೂರ ತಳ್ಳುತ್ತಿದ್ದಿರಿ, ಅಲ್ಲಿ ನಿಮ್ಮ ಕಡೆಗೆ ಎಳೆದುಕೊಳ್ಳುತ್ತೀರಿ. ಅಮೆರಿಕದಲ್ಲಿ ಬಹುತೇಕ ಎಲ್ಲವೂ ಆಟೊಮ್ಯಾಟಿಕ್. ಬೇರೆ ಕಡೆ ಆಯ್ಕೆ ಇದ್ದರೂ ಮೊದಲ ಕಾರು ಆಟೊಮ್ಯಾಟಿಕ್ಕೇ ಆಗಿರಲಿ. ಗೇರ್ ಹುಡುಕುತ್ತಾ ಎಡಗೈ ಬಾಗಿಲಿಗೆ ಬಡಿಯುವ ಹೊತ್ತಿಗೆ ರಸ್ತೆಯ ಮೇಲಿನ ಗಮನ ಹೋಗಿರುತ್ತದೆ.

ಮಾರುತಿ, ಹುಂಡೈ, ಟೊಯೊಟಾ ಕಾರುಗಳಲ್ಲಿ ನಮ್ಮಲ್ಲಿ ಇಂಡಿಕೇಟರ್ ಕಡ್ಡಿ ಬಲಕ್ಕೆ, ವೈಪರ್ ಎಡಕ್ಕೆ. ಅಲ್ಲಿ ಇಂಡಿಕೇಟರ್ ಎಡಕ್ಕೆ, ವೈಪರ್ ಬಲಕ್ಕೆ. ಮೊದಲ ವಾರ ತಿರುವಿನಲ್ಲೆಲ್ಲ ವೈಪರ್ ಓಡುತ್ತದೆ. ಅದರಿಂದ ಅಪಾಯವಿಲ್ಲ, ಆದರೆ ಇಂಡಿಕೇಟರ್ ಹಾಕಿದೆ ಅಂದುಕೊಂಡು ತಿರುಗಿಸುವುದರಿಂದ ಇದೆ. ವೈಪರ್ ಓಡಿದರೆ ಇಂಡಿಕೇಟರ್ ಬಿದ್ದಿಲ್ಲ ಎಂದೇ ಅರ್ಥ. ಗಾಬರಿಯಾಗದೆ ಎಡಗೈಯ ಕಡ್ಡಿ ಹಾಕಿ, ಟಿಕ್ ಟಿಕ್ ಸದ್ದು ಕೇಳಿದ ಮೇಲೆ ತಿರುಗಿಸಿ.

ಒಳಗನ್ನಡಿ ಈಗ ನಿಮ್ಮ ಬಲಮೇಲಕ್ಕಿದೆ. ಕಣ್ಣು ಅಭ್ಯಾಸದಿಂದ ಎಡಮೇಲಕ್ಕೆ ಹೋಗಿ ಬರೀ ಕಿಟಕಿಯ ಚೌಕಟ್ಟು ನೋಡುತ್ತದೆ. ಇನ್ನೊಂದು ವ್ಯತ್ಯಾಸ ಬಹಳ ಜನ ಗಮನಿಸುವುದಿಲ್ಲ: ಅಮೆರಿಕದ ಕಾರುಗಳಲ್ಲಿ ಚಾಲಕನ ಬದಿಯ ಹೊರಗನ್ನಡಿ ಚಪ್ಪಟೆ, ಪಕ್ಕದ ಸೀಟಿನ ಬದಿಯದು ಉಬ್ಬು. ಚಪ್ಪಟೆ ಕನ್ನಡಿ ದೂರವನ್ನು ಸರಿಯಾಗಿ ತೋರಿಸಿದರೂ ನೋಟದ ಅಗಲ ಕಡಿಮೆ. ಹಾಗಾಗಿ ಎಡ ಪಕ್ಕದಲ್ಲಿ ಇಡೀ ಕಾರೇ ಮರೆಯಾಗುವಷ್ಟು ಜಾಗ ಉಳಿಯುತ್ತದೆ. ಕನ್ನಡಿ ಹೊಂದಿಸುವಾಗ ತಲೆಯನ್ನು ಎಡ ಕಿಟಕಿಗೆ ತಾಗಿಸಿ, ಎಡಗನ್ನಡಿಯಲ್ಲಿ ನಿಮ್ಮ ಕಾರಿನ ಪಕ್ಕ ಒಂದು ಎಳೆಯಷ್ಟು ಮಾತ್ರ ಕಾಣುವಂತೆ ಹೊರಕ್ಕೆ ತಿರುಗಿಸಿ. ಆಮೇಲೆ ತಲೆಯನ್ನು ಎರಡು ಸೀಟುಗಳ ನಡುವಿಗೆ ತಂದು ಬಲಗನ್ನಡಿಯನ್ನೂ ಹಾಗೆಯೇ ಮಾಡಿ. ಹೀಗೆ ಮಾಡಿದರೂ ಲೇನ್ ಬದಲಿಸುವ ಮುನ್ನ ಭುಜದ ಮೇಲಿಂದ ತಿರುಗಿ ನೋಡುವುದು ತಪ್ಪುವುದಿಲ್ಲ.

ವೇಗಮಾಪಕ ಮೈಲಿಯಲ್ಲಿ ಇರುತ್ತದೆ. 25 ಅಂದರೆ ಗಂಟೆಗೆ 40 ಕಿ.ಮೀ., 40 ಅಂದರೆ 64, 65 ಅಂದರೆ ಸುಮಾರು 105. ಮುಳ್ಳು 40ರಲ್ಲಿದೆ, ನಿಧಾನವಾಗಿಯೇ ಹೋಗುತ್ತಿದ್ದೇನೆ ಅನಿಸಿದರೆ ಅದು ಹಳೆಯ ಲೆಕ್ಕ.

ಚಾಲಕ ನಡುವಿಗೆ, ಹಳದಿ ಎಡಕ್ಕೆ

ಯಾವ ದೇಶವಾದರೂ, ಆ ದೇಶಕ್ಕೆಂದೇ ಮಾಡಿದ ಕಾರಿನಲ್ಲಿ ಚಾಲಕ ರಸ್ತೆಯ ನಡುವಿಗೆ ಹತ್ತಿರ, ಪಕ್ಕದಲ್ಲಿ ಕೂತವರು ರಸ್ತೆಯಂಚಿಗೆ ಹತ್ತಿರ. ನಮ್ಮಲ್ಲೂ ಹಾಗೇ, ಅಲ್ಲೂ ಹಾಗೇ. ಅನುಮಾನ ಬಂದಾಗ "ಎಡವೋ ಬಲವೋ" ಎಂದು ಲೆಕ್ಕ ಹಾಕಬೇಡಿ. "ನಾನು ನಡುವಿನ ಕಡೆ ಇದ್ದೇನಾ?" ಎಂದು ಕೇಳಿಕೊಳ್ಳಿ. ನಿಮ್ಮ ಕಿಟಕಿಯ ಪಕ್ಕ ಫುಟ್‌ಪಾತ್ ಕಂಡರೆ, ಅದು ಏಕಮುಖ ರಸ್ತೆಯಲ್ಲದಿದ್ದರೆ, ತಪ್ಪು ಬದಿಯಲ್ಲಿದ್ದೀರಿ.

ಅಮೆರಿಕದಲ್ಲಿ ಇದಕ್ಕಿಂತ ಸುಲಭದ ಗುರುತೂ ಇದೆ. ನಮ್ಮಲ್ಲಿ ರಸ್ತೆ ನಡುವಿನ ಗೆರೆ ಬಿಳಿಯೂ ಇರಬಹುದು, ಹಳದಿಯೂ ಇರಬಹುದು. ಅಲ್ಲಿ ಬಣ್ಣಕ್ಕೆ ಖಚಿತ ಅರ್ಥವಿದೆ. ಎದುರುಬದುರು ಸಂಚಾರವನ್ನು ಬೇರ್ಪಡಿಸುವ ಗೆರೆ ಹಳದಿ, ಒಂದೇ ದಿಕ್ಕಿನ ಲೇನ್‌ಗಳ ನಡುವಿನದು ಬಿಳಿ. ನಡುವೆ ವಿಭಜಕ ಇರುವ ಹೆದ್ದಾರಿಯಲ್ಲೂ ಎಡ ಅಂಚಿನ ಗೆರೆ ಹಳದಿ, ಬಲ ಅಂಚಿನದು ಬಿಳಿ. ಹಾಗಾಗಿ ಒಂದೇ ವಾಕ್ಯ ನೆನಪಿಟ್ಟರೆ ಸಾಕು: ಹಳದಿ ಎಡಕ್ಕೆ. ಹಳದಿ ನಿಮ್ಮ ಬಲಕ್ಕೆ ಕಂಡರೆ ಎದುರು ದಿಕ್ಕಿನಲ್ಲಿ ಹೋಗುತ್ತಿದ್ದೀರಿ. ಫ್ರೀವೇಯಲ್ಲಿ, ಅಂದರೆ ಸಿಗ್ನಲ್ ಇಲ್ಲದ ವೇಗದ ಹೆದ್ದಾರಿಯಲ್ಲಿ, ನೆಲಕ್ಕೆ ಅಂಟಿಸಿದ ಪ್ರತಿಫಲಕಗಳು ನಿಮಗೆ ಕೆಂಪಾಗಿ ಹೊಳೆದರೂ ಅದೇ ಅರ್ಥ. "ಡು ನಾಟ್ ಎಂಟರ್", "ರಾಂಗ್ ವೇ" ಫಲಕಗಳ ಚಿತ್ರವನ್ನು ಹೋಗುವ ಮುನ್ನವೇ ನೋಡಿ ಕಣ್ಣಿಗೆ ಪರಿಚಯ ಮಾಡಿಕೊಳ್ಳಿ.

ಕಾರು ಬಲಕ್ಕೆ ವಾಲುವುದೇಕೆ

ಬಲಗೈ ಚಾಲನೆಯಿಂದ ಬಂದವರೆಲ್ಲರಲ್ಲೂ ಕಾಣುವ ದೋಷ ಇದು. ಪಕ್ಕದಲ್ಲಿ ಕೂತವರು ಉಸಿರು ಬಿಗಿಹಿಡಿಯುತ್ತಾರೆ, ಓಡಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ಕಾರಣವನ್ನು ಲೆಕ್ಕದಲ್ಲೇ ನೋಡಬಹುದು.

ಫ್ರೀವೇ ಲೇನ್ ಸಾಮಾನ್ಯವಾಗಿ 12 ಅಡಿ ಅಗಲ. ಕಾರು ಸುಮಾರು 6 ಅಡಿ. ನಡುವಿನಲ್ಲಿ ಹೋದರೆ ಎರಡೂ ಬದಿ 3 ಅಡಿ ಉಳಿಯುತ್ತದೆ. ಊರಿನ ಕಾರಿನಲ್ಲಿ ನೀವು ಕೂರುವುದು ಕಾರಿನ ನಡುಗೆರೆಯಿಂದ ಸುಮಾರು ಒಂದೂಕಾಲು ಅಡಿ ಬಲಕ್ಕೆ. ಹಾಗಾಗಿ ನಿಮ್ಮ ದೇಹ ಲೇನಿನ ನಡುವಿಗಿಂತ ಒಂದೂಕಾಲು ಅಡಿ ಬಲಕ್ಕಿದ್ದರೆ ಎಲ್ಲ ಸರಿಯಿದೆ ಎಂಬುದು ಕಣ್ಣಿಗೆ ಅಂಟಿದ ನೋಟ. ಎಡಗೈ ಚಾಲನೆಯ ಕಾರಿನಲ್ಲೂ ಕಣ್ಣು ಅದೇ ನೋಟ ಹುಡುಕುತ್ತದೆ. ಆದರೆ ಈಗ ನೀವು ಕೂತಿರುವುದು ಕಾರಿನ ನಡುಗೆರೆಯಿಂದ ಒಂದೂಕಾಲು ಅಡಿ ಎಡಕ್ಕೆ. ದೇಹವನ್ನು ಹಳೆಯ ಜಾಗಕ್ಕೆ ತಂದರೆ ಕಾರು ಎರಡೂವರೆ ಅಡಿ ಬಲಕ್ಕೆ ಸರಿಯುತ್ತದೆ. 3 ಅಡಿಯಲ್ಲಿ ಎರಡೂವರೆ ಹೋದರೆ ಬಲಕ್ಕೆ ಉಳಿಯುವುದು ಅರ್ಧ ಅಡಿ, ಹೊರಗನ್ನಡಿ ಆಗಲೇ ಗೆರೆ ದಾಟಿರುತ್ತದೆ. ನಗರದೊಳಗಿನ 10 ಅಡಿಯ ಲೇನಾದರೆ ಪ್ರತಿ ಬದಿ ಇರುವುದೇ 2 ಅಡಿ, ಚಕ್ರವೇ ಅರ್ಧ ಅಡಿ ಆಚೆ ಹೋಗುತ್ತದೆ. ನಿಂತ ಕಾರುಗಳ ಕನ್ನಡಿ ಒಡೆಯುವುದು, ಬಲ ಚಕ್ರದ ರಿಮ್ ಕಲ್ಲಂಚಿಗೆ ಉಜ್ಜುವುದು, ಸೈಕಲ್ ಸವಾರರಿಗೆ ತಾಗುವುದು ಎಲ್ಲ ಇದರಿಂದಲೇ.

ಪರಿಹಾರ ಮೂರು ಬಗೆಯದು, ಮೂರನ್ನೂ ಒಟ್ಟಿಗೆ ಬಳಸಿ. ಮೊದಲನೆಯದು, ನಿಮ್ಮ ದೇಹ ಹಳದಿ ಗೆರೆಗೆ ಅತಿ ಹತ್ತಿರ ಇದೆ ಅನಿಸಬೇಕು. ಅದು ಹೆದರಿಕೆ ಹುಟ್ಟಿಸುತ್ತದೆ, ಎದುರಿನಿಂದ ಬರುವ ಕಾರು ಮೈಮೇಲೇ ಬಂದಂತೆ ಕಾಣುತ್ತದೆ. ಆ ಅನಿಸಿಕೆ ಬಂದರೆ ಬಹುಶಃ ಸರಿಯಾದ ಜಾಗದಲ್ಲಿದ್ದೀರಿ. ಎರಡನೆಯದು, ನೇರ ರಸ್ತೆಯಲ್ಲಿ ಆಗಾಗ ಎರಡೂ ಹೊರಗನ್ನಡಿ ನೋಡಿ ಲೇನಿನ ಗೆರೆಗೂ ಕಾರಿಗೂ ನಡುವಿನ ಜಾಗವನ್ನು ಹೋಲಿಸಿ. ಕನ್ನಡಿಗೆ ಹಳೆಯ ಅಭ್ಯಾಸ ಇಲ್ಲ, ಇದ್ದದ್ದನ್ನು ತೋರಿಸುತ್ತದೆ. ಮೂರನೆಯದು, ನೋಟವನ್ನು ಬಾನೆಟ್ ತುದಿಯಿಂದ ಎತ್ತಿ ಲೇನಿನ ನಡುವಿನ ದೂರದ ಒಂದು ಬಿಂದುವಿನ ಮೇಲಿಡಿ. ಹತ್ತಿರ ನೋಡಿದಷ್ಟೂ ಕಾರು ಹಾವಿನಂತೆ ಹರಿದಾಡುತ್ತದೆ.

ನಿಲ್ಲಿಸುವಾಗ ಬಳಸಲು ಇನ್ನೊಂದು ಗುರುತು: ಬಲಗಡೆಯ ಕಲ್ಲಂಚು ನಿಮ್ಮ ಕಣ್ಣಿಗೆ ಬಾನೆಟ್ಟಿನ ಮಧ್ಯಕ್ಕೆ ಬಂದು ಸೇರಿದಂತೆ ಕಂಡಾಗ ಬಲ ಚಕ್ರ ಅಂಚಿನಿಂದ ಸುಮಾರು ಅರ್ಧ ಅಡಿಯೊಳಗೆ ಇರುತ್ತದೆ. ಕಾರಿನ ಉದ್ದ, ಸೀಟಿನ ಎತ್ತರಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ. ಇಳಿದು ನೋಡಿ, ನಿಮ್ಮ ಕಾರಿಗೆ ಅದು ಬಾನೆಟ್ಟಿನ ಎಲ್ಲಿಗೆ ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ.

ಅಭ್ಯಾಸದ ಹಂತಗಳು

ಮೊದಲು ಪಕ್ಕದ ಸೀಟು. ಯಾರಾದರೂ ಓಡಿಸುವಾಗ ಫೋನ್ ಬಿಟ್ಟು ರಸ್ತೆ ನೋಡಿ. ಪ್ರತಿ ತಿರುವಿಗೆ ಮುನ್ನ ಕಾರು ಯಾವ ಲೇನಿಗೆ ಸೇರುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ನಡೆದು ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡುವುದನ್ನು ರೂಢಿಸಿಕೊಳ್ಳಿ. ಹತ್ತಿರದ ಅಪಾಯ ಈಗ ಎಡದಿಂದ ಬರುತ್ತದೆ. ಕಾಲ್ನಡಿಗೆಯಲ್ಲಿ ಕತ್ತು ಕಲಿತದ್ದು ಕಾರಿನಲ್ಲೂ ಉಳಿಯುತ್ತದೆ.

ಮುಂದಿನದು ಖಾಲಿ ಪಾರ್ಕಿಂಗ್ ಲಾಟ್. ಭಾನುವಾರ ಬೆಳಿಗ್ಗೆ ಕಚೇರಿ ಸಂಕೀರ್ಣಗಳ ಲಾಟ್ ಖಾಲಿ ಇರುತ್ತದೆ. ಒಂದು ಗಂಟೆ ಸಾಕು. ಪಾರ್ಕಿಂಗ್ ಗೆರೆಯನ್ನೇ ಲೇನ್ ಗೆರೆ ಎಂದುಕೊಂಡು ಅದಕ್ಕೆ ಬಲ ಚಕ್ರವನ್ನು ಒಂದು ಅಡಿ ದೂರದಲ್ಲಿಟ್ಟು ನೇರ ಹೋಗಿ, ನಿಲ್ಲಿಸಿ, ಇಳಿದು ಅಳೆಯಿರಿ. ಹಿಂದಕ್ಕೆ ಬರುವಾಗ ಈಗ ಬಲ ಭುಜದ ಮೇಲಿಂದ ನೋಡಬೇಕು, ಕಾರಿನ ಹೆಚ್ಚಿನ ಭಾಗ ಆ ಕಡೆಗಿದೆ. ಇಂಡಿಕೇಟರ್ ಹಾಕಿ ತಿರುಗಿಸುವುದನ್ನು ಕೈ ತಾನಾಗಿ ಎಡ ಕಡ್ಡಿಗೆ ಹೋಗುವವರೆಗೆ ಮಾಡಿ.

ಆಮೇಲೆ ವಸತಿ ಬೀದಿಗಳು, ಮೊದಲ ದಿನ ಬಲ ತಿರುವು ಮಾತ್ರ. ಬಲಕ್ಕೆ, ಬಲಕ್ಕೆ, ಬಲಕ್ಕೆ ಎಂದು ಒಂದು ಬ್ಲಾಕ್ ಸುತ್ತಿ. ಬಲ ತಿರುವು ಈಗ ಚಿಕ್ಕದು, ನಮ್ಮ ಎಡ ತಿರುವಿನಂತೆ ಅಂಚಿಗೆ ಅಂಟಿಕೊಂಡೇ ಹೋಗುವುದು. ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಹಳೆಯ ಬಲ ತಿರುವಿನ ನೆನಪಿನಲ್ಲಿ ಅಗಲವಾಗಿ ತಿರುಗಿ ಎದುರು ಲೇನಿಗೆ ಹೋಗುವುದು. ಇನ್ನೊಂದು, ಬೇಗ ತಿರುಗಿಸಿ ಹಿಂದಿನ ಬಲ ಚಕ್ರ ಫುಟ್‌ಪಾತ್ ಹತ್ತುವುದು. ಬಲಗನ್ನಡಿ ಕಲ್ಲಂಚಿನ ಬಾಗು ಶುರುವಾಗುವಲ್ಲಿಗೆ ಬಂದ ಮೇಲೆ ಸ್ಟೀರಿಂಗ್ ತಿರುಗಿಸಿ. ಸೈಕಲ್ ಲೇನ್ ಇದ್ದರೆ ತಿರುವಿಗೆ 200 ಅಡಿಯೊಳಗೆ, ಗೆರೆ ತುಂಡುತುಂಡಾದ ಕಡೆ, ಬಲ ಭುಜ ನೋಡಿ ಆ ಲೇನಿಗೆ ಸೇರಿ ತಿರುಗಬೇಕು ಎಂಬುದು ಕ್ಯಾಲಿಫೋರ್ನಿಯಾದ ನಿಯಮ.

ಎಡ ತಿರುವಿಗೆ ಬಂದಾಗ ನಿಧಾನಿಸಿ, ತಪ್ಪು ಬದಿಗೆ ಹೋಗುವುದು ಹೆಚ್ಚಾಗಿ ಇಲ್ಲೇ. ಜೋರಾಗಿ ಹೇಳಿಕೊಳ್ಳುವುದು ನಿಜಕ್ಕೂ ಸಹಾಯ ಮಾಡುತ್ತದೆ: "ಬಲ ಚಿಕ್ಕದು, ಎಡ ದೊಡ್ಡದು." ಕ್ರಮ ಹೀಗೆ:

1. ಎಡ ತುದಿಯ ಲೇನಿಗೆ ಮೊದಲೇ ಸೇರಿ. ದೊಡ್ಡ ರಸ್ತೆಗಳಲ್ಲಿ ಎಡ ತಿರುವಿಗೆಂದೇ ಪ್ರತ್ಯೇಕ ಲೇನ್ ಇರುತ್ತದೆ.
2. ಸಿಗ್ನಲ್ ನೋಡಿ. ಹಸಿರು ಬಾಣ ಇದ್ದರೆ ಎದುರಿನವರಿಗೆ ಕೆಂಪು, ತಿರುಗಬಹುದು. ಬಾಣವಿಲ್ಲದ ದುಂಡು ಹಸಿರು ಇದ್ದರೆ ಎದುರಿನಿಂದ ನೇರ ಬರುವವರಿಗೆ ಮೊದಲ ಹಕ್ಕು. ಮಿನುಗುವ ಹಳದಿ ಬಾಣಕ್ಕೂ ಇದೇ ಅರ್ಥ.
3. ದುಂಡು ಹಸಿರಿನಲ್ಲಿ ಕಾಯುವಾಗ ಕೂಡುರಸ್ತೆಯೊಳಗೆ ಸ್ವಲ್ಪ ಮುಂದೆ ಬಂದು ನಿಲ್ಲಿ, ಆದರೆ ಚಕ್ರ ನೇರವಾಗಿರಲಿ. ಚಕ್ರ ಎಡಕ್ಕೆ ತಿರುಗಿಸಿಟ್ಟು ನಿಂತಾಗ ಹಿಂದಿನವರು ಗುದ್ದಿದರೆ ನೇರ ಎದುರಿನ ವಾಹನಗಳ ಮುಂದೆ ಹೋಗಿ ಬೀಳುತ್ತೀರಿ.
4. ಸೇರಬೇಕಾದ ರಸ್ತೆಯ ಹಳದಿ ಗೆರೆಯನ್ನು ಕಣ್ಣಿನಿಂದ ಹುಡುಕಿ. ಅದರ ಈಚಿನ ಪಾಲು ಎದುರಿನವರದು, ಆಚಿನದು ನಿಮ್ಮದು.
5. ಆ ದಾರಿಯನ್ನು ದಾಟುತ್ತಿರುವ ಪಾದಚಾರಿಗಳನ್ನು ನೋಡಿ. ಎದುರಿನ ಕಾರುಗಳನ್ನೇ ನೋಡುತ್ತಿದ್ದವರಿಗೆ ಇವರು ಕೊನೆ ಗಳಿಗೆಯಲ್ಲಿ ಕಾಣುತ್ತಾರೆ.
6. ಕಾರಿನ ಮುಂಭಾಗ ಕೂಡುರಸ್ತೆಯ ಮಧ್ಯಕ್ಕೆ ಬಂದ ಮೇಲೆ ತಿರುಗಿಸಿ. ಹಳದಿ ಗೆರೆಗೆ ಹತ್ತಿರದ ಲೇನಿಗೆ ಸೇರಿ. ಸೇರಿದೊಡನೆ "ಹಳದಿ ಎಡಕ್ಕೆ" ಎಂದು ಖಚಿತಪಡಿಸಿಕೊಳ್ಳಿ.

ಮೊದಮೊದಲು ಕಷ್ಟವಾದ ಎಡ ತಿರುವು ಬಂದರೆ ನೇರ ಹೋಗಿ, ಮುಂದೆ ಮೂರು ಬಲ ತಿರುವು ತೆಗೆದುಕೊಂಡು ಅದೇ ರಸ್ತೆಗೆ ಬನ್ನಿ. ಎರಡು ನಿಮಿಷ ಹೆಚ್ಚಾಗಬಹುದು, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನು ಸ್ಟಾಪ್ ಫಲಕ ಮತ್ತು ಕೆಂಪು ದೀಪ. ಸ್ಟಾಪ್ ಅಂದರೆ ಚಕ್ರ ಪೂರ್ತಿ ನಿಲ್ಲಬೇಕು, ಗೆರೆಯ ಹಿಂದೆ. ನಿಧಾನಿಸಿ ಹರಿದುಹೋಗುವುದು ನಮ್ಮವರು ದಂಡ ಕಟ್ಟುವ ಸಾಮಾನ್ಯ ಕಾರಣ. ನಾಲ್ಕೂ ಕಡೆ ಸ್ಟಾಪ್ ಇರುವಲ್ಲಿ ಮೊದಲು ಬಂದವರು ಮೊದಲು. ಇಬ್ಬರು ಒಟ್ಟಿಗೆ ಬಂದರೆ ಬಲಗಡೆ ಇರುವವರಿಗೆ ದಾರಿ. ಅಲ್ಲಿ ಹಾರ್ನ್ ಹೊಡೆದು ನುಗ್ಗುವ ಪದ್ಧತಿಯಿಲ್ಲ. ಎದುರಿನವರು ಹೆಡ್‌ಲೈಟ್ ಮಿನುಗಿಸಿದರೆ ನಮ್ಮಲ್ಲಿ "ನಾನು ಬರುತ್ತಿದ್ದೇನೆ, ನಿಲ್ಲು" ಎಂದರ್ಥ. ಅಲ್ಲಿ ಅದು ಹೆಚ್ಚಾಗಿ "ನೀವು ಹೋಗಿ" ಎಂಬುದಕ್ಕೆ. ಎರಡನ್ನೂ ನಂಬದೆ ಕಣ್ಣಾರೆ ನೋಡಿ ಹೋಗುವುದು ಕ್ಷೇಮ.

ಕೆಂಪಿನಲ್ಲಿ ಪೂರ್ತಿ ನಿಂತು, ದಾರಿ ತೆರವಿದ್ದರೆ ಬಲಕ್ಕೆ ತಿರುಗಲು ಬಹುತೇಕ ಎಲ್ಲ ಕಡೆ ಅನುಮತಿ ಇದೆ. ನಿಷೇಧದ ಫಲಕ ಇರುವಲ್ಲಿ ಇಲ್ಲ. ನ್ಯೂಯಾರ್ಕ್ ನಗರದಲ್ಲಿ ಅನುಮತಿಯ ಫಲಕ ಇಲ್ಲದಿದ್ದರೆ ಇಲ್ಲವೇ ಇಲ್ಲ. ಇದರಲ್ಲಿ ಒಂದು ಬಲೆ ಇದೆ. ವಾಹನ ಬರುವುದು ಎಡದಿಂದ, ಹಾಗಾಗಿ ಕತ್ತು ಎಡಕ್ಕೇ ನಿಂತುಬಿಡುತ್ತದೆ. ಪಾದಚಾರಿ ಬರುವುದು ಬಲದಿಂದ. ಎಡದಲ್ಲಿ ಸಂದು ಸಿಕ್ಕಿತೆಂದು ಕಾಲು ಒತ್ತುವ ಮುನ್ನ ಇನ್ನೊಮ್ಮೆ ಬಲಕ್ಕೆ ನೋಡಿ.

ಬಹು ಲೇನಿನ ರಸ್ತೆಗಳಲ್ಲಿ ನಡುವೆ ಎರಡೂ ಬದಿ ಹಳದಿ ಗೆರೆಯಿರುವ ಒಂದು ಲೇನ್ ಕಾಣುತ್ತದೆ: ಹೊರಗಿನ ಗೆರೆ ಅಖಂಡ, ಒಳಗಿನದು ತುಂಡುತುಂಡು. ಅದು ಎರಡೂ ದಿಕ್ಕಿನವರು ಎಡಕ್ಕೆ ತಿರುಗಲು ಕಾಯುವ ಜಾಗ. ಕ್ಯಾಲಿಫೋರ್ನಿಯಾದಲ್ಲಿ ಅದರಲ್ಲಿ 200 ಅಡಿಗಿಂತ ಹೆಚ್ಚು ಓಡಿಸುವಂತಿಲ್ಲ. ಎದುರಿನಿಂದಲೂ ಒಬ್ಬರು ಅದೇ ಜಾಗಕ್ಕೆ ಬರಬಹುದು ಎಂಬುದನ್ನು ನೆನಪಿಡಿ. ವೃತ್ತ ಸಿಕ್ಕರೆ ಅಲ್ಲಿ ಸುತ್ತುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ದಾರಿ ಬಿಡಬೇಕಾದದ್ದು ಎಡದಿಂದ ಬರುವವರಿಗೆ.

ಇಷ್ಟು ಕೈಗೆ ಹತ್ತಿದ ಮೇಲೆ ಫ್ರೀವೇ. ಅಚ್ಚರಿಯೆಂದರೆ ಬದಿಯ ಗೊಂದಲ ಅಲ್ಲಿ ಕಡಿಮೆ, ಎಲ್ಲರೂ ಒಂದೇ ಕಡೆಗೆ ಹೋಗುತ್ತಿರುತ್ತಾರೆ. ಕಷ್ಟ ಸೇರುವುದರಲ್ಲಿದೆ. ರ‍್ಯಾಂಪ್ ಸಾಮಾನ್ಯವಾಗಿ ಬಲದಿಂದ ಬರುತ್ತದೆ, ಆದ್ದರಿಂದ ಎಡಗನ್ನಡಿ, ಎಡ ಭುಜ ನೋಡಿ ಎಡಕ್ಕೆ ಸೇರಬೇಕು. ರ‍್ಯಾಂಪಿನಲ್ಲೇ ವೇಗ ಹೆಚ್ಚಿಸಿ ಫ್ರೀವೇಯ ವೇಗಕ್ಕೆ ಸಮ ಬರಬೇಕು. 35 ಮೈಲಿಯಲ್ಲಿ ಹೆದರುತ್ತಾ ಸೇರುವುದು 60ರಲ್ಲಿ ಸೇರುವುದಕ್ಕಿಂತ ಹೆಚ್ಚು ಅಪಾಯ. ಓಡುವ ಪ್ರವಾಹದಲ್ಲಿ ಮೊದಲ ದಿನಗಳು ಬಲ ಲೇನ್ ಸಾಕು. ನಿಧಾನದವರು ಬಲಕ್ಕೆ, ಹಿಂದಿಕ್ಕುವುದು ಎಡದಿಂದ. ನಮ್ಮ ಹೆದ್ದಾರಿಯಲ್ಲಿ ಲಾರಿಗಳು ನಿಧಾನವಾಗಿ ವೇಗದ ಲೇನಿನಲ್ಲೇ ಹೋಗುವುದರಿಂದ ಯಾವ ಬದಿಯಿಂದಾದರೂ ನುಗ್ಗುವ ರೂಢಿ ಬೆಳೆದಿರುತ್ತದೆ, ಅದನ್ನು ಅಲ್ಲಿಗೆ ಒಯ್ಯಬೇಡಿ. ತೀರಾ ಎಡದ ಲೇನಿನಲ್ಲಿ ವಜ್ರಾಕಾರದ ಗುರುತಿದ್ದರೆ ಅದು ಹೆಚ್ಚು ಜನರಿರುವ ಕಾರುಗಳಿಗೆ. ಮುಂದಿನ ಕಾರಿಗೆ 3 ಸೆಕೆಂಡಿನ ಅಂತರ ಬಿಡಿ. ನಿರ್ಗಮನ ತಪ್ಪಿದರೆ ಮುಂದಿನದಕ್ಕೆ ಹೋಗಿ. ಹಿಂದಕ್ಕೆ ಬರುವ ಯೋಚನೆಯೂ ಬೇಡ.

ರಾತ್ರಿ ಮತ್ತು ಮಳೆಯಲ್ಲಿ ಓಡಿಸುವುದನ್ನು ಕೊನೆಗೆ ಇಡಿ. ಒದ್ದೆ ರಸ್ತೆಯಲ್ಲಿ ಹಳದಿ, ಬಿಳಿ ಎರಡೂ ಒಂದೇ ಹೊಳಪಿನಲ್ಲಿ ಕಾಣುತ್ತವೆ.

ಮರೆಯುವ ಜಾಗಗಳು

ಪೆಟ್ರೋಲ್ ಬಂಕ್, ಅಂಗಡಿಯ ಲಾಟ್, ಮನೆಯ ಡ್ರೈವ್‌ವೇ, ಇವುಗಳಿಂದ ಖಾಲಿ ರಸ್ತೆಗೆ ಇಳಿಯುವಾಗ. ಏಕಮುಖ ರಸ್ತೆ ಮುಗಿದು ದ್ವಿಮುಖ ಶುರುವಾದಾಗ. ಯೂ ಟರ್ನ್ ಆದ ಕೂಡಲೇ. ಫೋನಿನಲ್ಲಿ ಮಾತಾಡಿ ಮುಗಿಸಿದ ಮೇಲೆ. ಇನ್ನೊಂದು, ಎಲ್ಲ ಸರಿಹೋಯಿತು ಅನಿಸಿದ ಎರಡನೇ ಅಥವಾ ಮೂರನೇ ವಾರ. ಮೊದಲ ವಾರದ ಭಯವೇ ಕಾಪಾಡುತ್ತಿರುತ್ತದೆ. ಭಯ ಹೋಗಿ ಅಭ್ಯಾಸ ಇನ್ನೂ ಬೇರೂರದ ಆ ನಡುವಿನ ದಿನಗಳಲ್ಲಿ ಜಾಗ್ರತೆ ಹೆಚ್ಚಿರಲಿ. ಸ್ಟೀರಿಂಗ್ ಎದುರು "ಹಳದಿ ಎಡಕ್ಕೆ" ಎಂದು ಬರೆದ ಒಂದು ಚೀಟಿ ಅಂಟಿಸಿ. ಪಕ್ಕದಲ್ಲಿ ಕೂತವರಿಗೆ "ಅಯ್ಯೋ" ಎಂದು ಕೂಗದೆ ಆ ಎರಡು ಪದ ಮಾತ್ರ ಹೇಳಲು ಒಪ್ಪಿಸಿ. ಗಾಬರಿಯ ಕೂಗಿಗೆ ಕೈ ಎತ್ತ ಬೇಕಾದರೂ ತಿರುಗಬಹುದು.

ಇದಕ್ಕಿಂತ ಗಂಭೀರವಾದದ್ದು ಅಪಾಯದ ಕ್ಷಣದ ಪ್ರತಿಕ್ರಿಯೆ. ಎದುರಿಗೆ ಏನಾದರೂ ನುಗ್ಗಿದರೆ ನಮ್ಮ ಕೈ ಎಡಕ್ಕೆ ಎಳೆಯುತ್ತದೆ, ಊರಲ್ಲಿ ರಸ್ತೆಯಂಚು ಆ ಕಡೆ. ಅಲ್ಲಿ ಎಡಕ್ಕೆ ಎಳೆದರೆ ಎದುರಿನ ವಾಹನದ ಬಾಯಿಗೇ ಹೋಗುತ್ತೀರಿ. ಇದನ್ನು ಲಾಟಿನಲ್ಲೇ ಅಭ್ಯಾಸ ಮಾಡಬೇಕು: ಗಂಟೆಗೆ 20 ಮೈಲಿಯಲ್ಲಿ ಹೋಗುತ್ತಾ, ಪಕ್ಕದವರು "ಈಗ" ಎಂದೊಡನೆ ನೇರ ಬ್ರೇಕ್ ಒತ್ತಿ ನಿಲ್ಲಿಸಿ. ಕೆಲವು ಸಲ ಬ್ರೇಕ್ ಒತ್ತುತ್ತಲೇ ಸ್ವಲ್ಪ ಬಲಕ್ಕೆ ಸರಿಸಿ. ಮೊದಲು ಬ್ರೇಕ್, ಸರಿಯಲೇಬೇಕಾದರೆ ಬಲಕ್ಕೆ. ಆಂಬುಲೆನ್ಸ್ ಅಥವಾ ಅಗ್ನಿಶಾಮಕ ವಾಹನ ಸೈರನ್ ಹಾಕಿ ಬಂದಾಗಲೂ ಬಲ ಅಂಚಿಗೆ ಸರಿದು ನಿಲ್ಲಬೇಕು. ಪೊಲೀಸರು ಹಿಂದಿನಿಂದ ದೀಪ ಮಿನುಗಿಸಿದರೆ ಬಲಕ್ಕೆ ನಿಲ್ಲಿಸಿ, ಕಾರಿನಿಂದ ಇಳಿಯದೆ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ಕಾಯಿರಿ. ನಮ್ಮಲ್ಲಿ ಇಳಿದು ಹೋಗಿ ಮಾತಾಡುವುದು ಮರ್ಯಾದೆ, ಅಲ್ಲಿ ಅದನ್ನು ಬೆದರಿಕೆ ಎಂದು ತಿಳಿಯಬಹುದು.

ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸುತ್ತಾ ನಿಂತರೆ ಹಿಂದಿನವರೂ ಎದುರಿನವರೂ ನಿಲ್ಲಬೇಕು, ದೀಪ ಆರುವವರೆಗೆ. ಕ್ಯಾಲಿಫೋರ್ನಿಯಾದಲ್ಲಿ ವಿಭಜಕ ಇರುವ ಅಥವಾ ಪ್ರತಿ ದಿಕ್ಕಿಗೂ ಎರಡು ಅಥವಾ ಹೆಚ್ಚು ಲೇನ್ ಇರುವ ರಸ್ತೆಯಲ್ಲಿ ಎದುರು ಬದಿಯವರಿಗೆ ಮಾತ್ರ ವಿನಾಯಿತಿ.

ಅಕಸ್ಮಾತ್ ತಪ್ಪು ಬದಿಯಲ್ಲಿದ್ದೇನೆ ಎಂದು ಗೊತ್ತಾದರೆ, ವೇಗ ಪೂರ್ತಿ ಇಳಿಸಿ, ಹೆಡ್‌ಲೈಟ್ ಮತ್ತು ಹಜಾರ್ಡ್ ದೀಪ ಹಾಕಿ, ನಡುವೆ ವಿಭಜಕ ಇಲ್ಲದಿದ್ದರೆ ತೆರವು ನೋಡಿ ಬಲಕ್ಕೆ ಸರಿಯಿರಿ. ವಿಭಜಕ ಇದ್ದರೆ ಹತ್ತಿರದ ಅಂಚಿಗೆ ನಿಲ್ಲಿಸಿ, ರಸ್ತೆ ಖಾಲಿಯಾದಾಗ ಮಾತ್ರ ತಿರುಗಿಸಿ. ಫ್ರೀವೇಯಲ್ಲಾದರೆ ಅಂಚಿಗೆ ನಿಲ್ಲಿಸಿ ತುರ್ತು ಸಹಾಯದ 911ಕ್ಕೆ ಕರೆ ಮಾಡಿ.

ನಿಲ್ಲಿಸುವುದು

ರಸ್ತೆಯಂಚಿನಲ್ಲಿ ನಿಲ್ಲಿಸುವಾಗ ಸಂಚಾರದ ದಿಕ್ಕಿಗೇ ಮುಖ ಇರಬೇಕು, ಚಕ್ರ ಅಂಚಿನಿಂದ 18 ಇಂಚಿನೊಳಗೆ. ಕ್ಯಾಲಿಫೋರ್ನಿಯಾದಲ್ಲಿ ಅಂಚಿನ ಬಣ್ಣ ನೋಡಿ: ಕೆಂಪಿದ್ದರೆ ನಿಲ್ಲಿಸುವಂತಿಲ್ಲ, ಬಿಳಿ ಜನರನ್ನು ಹತ್ತಿಸಿ ಇಳಿಸಲು, ಹಳದಿ ಸರಕಿಗೆ, ಹಸಿರು ಸೀಮಿತ ಸಮಯಕ್ಕೆ, ನೀಲಿ ಅಂಗವಿಕಲರಿಗೆ. ಪಾದಚಾರಿ ದಾಟುವ ಪಟ್ಟಿಗೆ ಮುನ್ನ 20 ಅಡಿಯೊಳಗೆ, ಬಣ್ಣ ಇಲ್ಲದಿದ್ದರೂ ನಿಲ್ಲಿಸಬಾರದು; ಈ ನಿಯಮಕ್ಕೆ 2025ರಿಂದ ದಂಡವಿದೆ. ಇಳಿಜಾರಿನಲ್ಲಿ ಕೆಳಮುಖವಾಗಿ ನಿಲ್ಲಿಸಿದರೆ ಚಕ್ರ ಅಂಚಿನ ಕಡೆಗೆ, ಮೇಲ್ಮುಖವಾಗಿ ನಿಲ್ಲಿಸಿದರೆ ಅಂಚಿನಿಂದ ಆಚೆ, ಅಂದರೆ ಎಡಕ್ಕೆ ತಿರುಗಿರಲಿ. ಸ್ಯಾನ್ ಫ್ರಾನ್ಸಿಸ್ಕೋದ ಏರುಬೀದಿಗಳಲ್ಲಿ ಇದನ್ನು ಮರೆತರೆ ದಂಡದ ಚೀಟಿ ಖಂಡಿತ.

ಲೈಸೆನ್ಸ್ ಪರೀಕ್ಷೆ

ಕ್ಯಾಲಿಫೋರ್ನಿಯಾದ ಡಿಎಂವಿಯ, ಅಂದರೆ ನಮ್ಮ ಆರ್‌ಟಿಒದಂಥ ಇಲಾಖೆಯ, ಲಿಖಿತ ಪರೀಕ್ಷೆಯಲ್ಲಿ ವಯಸ್ಕರಿಗೆ 36 ಪ್ರಶ್ನೆ, 30 ಸರಿಯಾಗಬೇಕು. ಕೈಪಿಡಿಯನ್ನು ಎರಡು ಸಲ ಓದಿದರೆ ಕಷ್ಟವಿಲ್ಲ. ಅನುಭವಿ ಭಾರತೀಯ ಚಾಲಕರು ಅನುತ್ತೀರ್ಣರಾಗುವುದು ರಸ್ತೆ ಪರೀಕ್ಷೆಯಲ್ಲಿ, ಅದೂ ಸಣ್ಣ ಕಾರಣಗಳಿಗೆ: ಸ್ಟಾಪ್‌ನಲ್ಲಿ ಪೂರ್ತಿ ನಿಲ್ಲದಿರುವುದು, ಲೇನ್ ಬದಲಿಸುವಾಗ ಕತ್ತು ತಿರುಗಿಸದಿರುವುದು, ಶಾಲೆಯ ಬಳಿ 25 ಮೈಲಿ ದಾಟುವುದು. ಕನ್ನಡಿ ನೋಡಿದರೆ ಸಾಲದು, ತಲೆ ತಿರುಗಿಸಿದ್ದು ಪರೀಕ್ಷಕರಿಗೆ ಕಾಣಬೇಕು. ಹೊರಡುವ ಮುನ್ನ ಕೈ ಸನ್ನೆ ಕೇಳುತ್ತಾರೆ, ಈಗ ಅದು ಎಡಗೈಯದು: ನೇರ ಚಾಚಿದರೆ ಎಡಕ್ಕೆ, ಮೊಣಕೈ ಮಡಿಸಿ ಮೇಲೆತ್ತಿದರೆ ಬಲಕ್ಕೆ, ಕೆಳಗಿಳಿಸಿದರೆ ನಿಲ್ಲುವುದಕ್ಕೆ. ಕಲ್ಲಂಚಿನ ಪಕ್ಕ ಮೂರು ಕಾರಿನ ಉದ್ದ ನೇರ ಹಿಂದಕ್ಕೆ ಬರುವುದೂ ಇದೆ, ಬಲ ಭುಜದ ಮೇಲಿಂದ ನೋಡುವ ಅಭ್ಯಾಸ ಆಗ ನೆರವಿಗೆ ಬರುತ್ತದೆ.

ಯುರೋಪಿಗೆ ಹೋಗುವವರಿಗೆ, ಊರಿಗೆ ಬರುವವರಿಗೆ

ಜರ್ಮನಿಯಂಥ ಕಡೆ ಹಳದಿ ಗೆರೆಯ ಸೂತ್ರ ನಡೆಯುವುದಿಲ್ಲ. ಅಲ್ಲಿ ನಡುಗೆರೆಯೂ ಬಿಳಿ, ಹಳದಿ ಎಂದರೆ ಕಾಮಗಾರಿಯ ತಾತ್ಕಾಲಿಕ ಗುರುತು. "ಚಾಲಕ ನಡುವಿಗೆ" ಎಂಬುದನ್ನೇ ನೆಚ್ಚಿಕೊಳ್ಳಿ. ಫಲಕ, ಸಿಗ್ನಲ್ ಎರಡೂ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು, ಅವರು ಚಿಕ್ಕ ಬೀದಿಯಿಂದ ಬರುತ್ತಿದ್ದರೂ. ಕೆಂಪಿನಲ್ಲಿ ಬಲಕ್ಕೆ ತಿರುಗುವ ಸ್ವಾತಂತ್ರ್ಯ ಅಲ್ಲಿ ಹಸಿರು ಬಾಣದ ಚಿಕ್ಕ ಫಲಕ ಇರುವಲ್ಲಿ ಮಾತ್ರ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಸಿಂಗಪುರಗಳಲ್ಲಿ ನಮ್ಮಂತೆ ಎಡವೇ ಆದ್ದರಿಂದ ಈ ಪಾಠ ಬೇಕಿಲ್ಲ.

ವರ್ಷಗಳ ನಂತರ ರಜೆಗೆ ಊರಿಗೆ ಬಂದಾಗ ಇದೆಲ್ಲ ತಲೆಕೆಳಗಾಗುತ್ತದೆ. ವಿಭಜಕ ಇರುವ ದೊಡ್ಡ ರಸ್ತೆಯಲ್ಲಿ ಅಷ್ಟೇನೂ ಅಪಾಯವಿಲ್ಲ, ತೊಂದರೆ ಇರುವುದು ಗೆರೆಯೇ ಇಲ್ಲದ ತಾಲ್ಲೂಕು ರಸ್ತೆಗಳಲ್ಲಿ. ಮೊದಲ ಎರಡು ದಿನ ಬೇರೆಯವರು ಓಡಿಸಲಿ. ನೀವು ಕೂತಾಗ ಕಾರು ಎಡಕ್ಕೆ ವಾಲುತ್ತದೆ, ಎಡಗನ್ನಡಿ ಹೆಚ್ಚು ನೋಡಿ. ತಿರುವಿಗೆ "ಎಡ ಚಿಕ್ಕದು, ಬಲ ದೊಡ್ಡದು." ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡಿ, ಆಮೇಲೆ ಎಡಕ್ಕೂ ನೋಡಿ, ದ್ವಿಚಕ್ರದವರು ಎದುರು ದಿಕ್ಕಿನಿಂದಲೂ ಬರುತ್ತಾರೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಕ್ಕಳು ಜೊತೆಗಿದ್ದರೆ ರಸ್ತೆ ದಾಟುವಾಗ ಅವರ ಕೈ ಬಿಡಬೇಡಿ, ಅವರ ಕತ್ತು ಮೊದಲು ಎಡಕ್ಕೇ ತಿರುಗುತ್ತದೆ.